ಆರನೇ ಮೊಳೆ

"ಯಾವನೋ ಅವನು ಬೋಳಿಮಗ, ಆರನೇ ಬಾಗಿಲಲ್ಲಿ ಇಂಜಿನ್ ಆಫ್ ಮಾಡಿರೋನು?"

ಗೋದಾಮಿನ ಸೂಪರ್‌ವೈಸರ್ ಗಂಟಲು ಹರಿದುಕೊಳ್ಳುವುದು ಅಲ್ಲಿ ಹೊಸದೇನಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗಡಿಯಾರ ಎನ್ನುತ್ತಿದ್ದರು. ಮಾತಾಡುವಾಗ ಎದುರಿನವನ ಮುಖ ಬಿಟ್ಟು ಮಣಿಕಟ್ಟು ನೋಡಿಕೊಳ್ಳುವ ಆಸಾಮಿ ಅವನು. ಆರನೇ ಬಾಗಿಲಿಗೆ ಹಿಂಬದಿ ಕೊಟ್ಟು ನಿಂತಿದ್ದ ಲಾರಿಯ ಹತ್ತಿರ ಧುಮುಗುಟ್ಟುತ್ತ ಬಂದ. ಕೈಯಲ್ಲೊಂದು ಕೀ ಗೊಂಚಲಿತ್ತು.

"ಏನೋ ಇದು?"

"ಲಾರಿ ಕೀ ಸಾರ್," ಎಂದ ಡ್ರೈವರು.

"ಲಾರಿ ಕೀ ನನ್ ಬೋರ್ಡ್ ಮೇಲೆ ಯಾಕೋ ನೇತಾಡ್ತಿದೆ?"

"ರೂಲ್ಸು ಸಾರ್. ಅಲ್ಲೇ ಬರ್ದಿದೆಯಲ್ಲ..."

ಗೊಂಚಲು ಬಂದು ಬಾಯಿಗೆ ಬಡಿಯಿತು. ಕೆಳತುಟಿ ಸೀಳಿ, ಅಂಗಿಯ ಮೇಲೆ ನಾಲ್ಕು ಹನಿ ಬಿತ್ತು. ಡ್ರೈವರು ಬಗ್ಗಿ, ನೆಲದ ಮೇಲಿದ್ದ ಕೀ ಎತ್ತಿಕೊಂಡ. ಅವನು ಮಾತಾಡುವುದು ಅಷ್ಟರಲ್ಲೇ ಇತ್ತು. ಒಳಗೆ ಎಷ್ಟೇ ಕುದಿದರೂ ಹೊರಗೆ ಸದ್ದು ಬರುವುದಿಲ್ಲವೆಂದು ಜೊತೆಯ ಡ್ರೈವರುಗಳು ಅವನಿಗೆ ಸೈಲೆನ್ಸರ್ ಎಂದು ಹೆಸರಿಟ್ಟಿದ್ದರು.

"ರೂಲ್ಸು ಹೇಳ್ತಾನೆ ನನಗೆ! ಏಜೆನ್ಸಿ ನನ್ಮಗ. ಹಳದಿ ಕೋಟಿನೋರಿಗೆ ಒಂದೇ ರೂಲ್ಸು ಕಣೋ, ನಾನು. ಮನೆ ಕೀ ನೇತುಹಾಕು, ಹತ್ತಿ ಕೂತ್ಕೋ, ಇಂಜಿನ್ ಹಾಕು. ಇಲ್ಲಾಂದ್ರೆ ಹೇಳಿಬಿಡು, ನಾಳೆಯಿಂದ ನಿನ್ ಫೋನಿಗೆ ಮೆಸೇಜು ಬರದ ಹಾಗೆ ಮಾಡ್ತೀನಿ."

ರೂಲ್ಸು ಬರೆದಿದ್ದು ನಿಜ. ಗೋದಾಮಿಗೆ ಹನ್ನೆರಡು ಬಾಗಿಲು, ಸೂಪರ್‌ವೈಸರನ ಗಾಜಿನ ರೂಮಿನ ಪಕ್ಕದ ಬೋರ್ಡಿಗೆ ಹನ್ನೆರಡು ಮೊಳೆ. ಲೋಡಾಗುವಾಗ ಆಯಾ ಲಾರಿಯ ಕೀ ಆಯಾ ನಂಬರಿನ ಮೊಳೆಯ ಮೇಲೆ ಇರಬೇಕು. ಕೀ ಇಲ್ಲದೆ ಲಾರಿ ಅಲ್ಲಾಡುವುದಿಲ್ಲ, ಲಾರಿ ಅಲ್ಲಾಡದಿದ್ದರೆ ಒಳಗಿರುವ ಹಮಾಲ ಸಾಯುವುದಿಲ್ಲ. ಕಂಪನಿಯ ಕಾಯಂ ಡ್ರೈವರುಗಳು, ಅಂದರೆ ನೀಲಿ ಕೋಟಿನವರು, ಹಾಗೇ ಮಾಡುತ್ತಿದ್ದರು. ಕೀ ಕೊಟ್ಟು, ಫ್ಯಾನಿನ ಕೆಳಗೆ ಕಾಲು ಚಾಚಿ ಟೀ ಕುಡಿಯುತ್ತಿದ್ದರು. ಏಜೆನ್ಸಿಯವರಿಗೆ ಆ ಸುಖ ಕಟ್ಟಿಟ್ಟಿರಲಿಲ್ಲ. ಕೀ ಕೊಟ್ಟು, ಮತ್ತೆ ಇಸಕೊಂಡು, ಇಂಜಿನ್ ಹಚ್ಚುವಷ್ಟರಲ್ಲಿ ನಾಲ್ಕು ನಿಮಿಷ ಹಾಳಾಗುತ್ತದೆಂದು ಲೆಕ್ಕ ಹಾಕಿದವನು ಗಡಿಯಾರ. ಮೊಳೆ ಖಾಲಿ ಕಾಣಬಾರದು, ಲಾರಿಯೂ ನಿಲ್ಲಬಾರದು. ಹಾಗಾಗಿ ಹಳದಿ ಕೋಟಿನವರೆಲ್ಲ ತಂತಮ್ಮ ಮನೆಯ ಕೀಯನ್ನು ಮೊಳೆಗೆ ಹಾಕಿ, ಲಾರಿಯದನ್ನು ತಮ್ಮಲ್ಲೇ ಇಟ್ಟುಕೊಂಡು, ಇಂಜಿನ್ ಹಚ್ಚಿಕೊಂಡೇ ಕೂರುವುದು ರೂಢಿಯಾಗಿತ್ತು. ಗೋಡೆಯ ಕ್ಯಾಮೆರಾಗೆ ಕೀ ಕಂಡರೆ ಸಾಕು, ಅದು ಯಾವುದರ ಕೀ ಎಂದು ಅದು ಕೇಳುತ್ತದೆಯೇ?

ಸೈಲೆನ್ಸರ್ ಜೇಬಿನಿಂದ ಮನೆಯ ಕೀ ತೆಗೆದು ಆರನೇ ಮೊಳೆಗೆ ಹಾಕಿದ. ಒಂದೇ ರೂಮಿನ ಮನೆಯ ಕೀ ಅದು. ಅಂಥವು ಮೂರಿದ್ದವು: ಒಂದು ಅವನದು, ಒಂದು ಹೆಂಡತಿಯದು, ಇನ್ನೊಂದು ಹೆಂಡತಿಯ ಅಣ್ಣನದು.

ಆ ಅಣ್ಣ, ಅಂದರೆ ಅವನ ಭಾವ, ಅದೇ ಆರನೇ ಬಾಗಿಲ ಹಮಾಲ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆದು ಬರುವಾಗ ಅವನೇ ಕೇಳಿದ್ದ.

"ಅಳಿಯಂದ್ರೇ, ಬಾಗಿಲಿಗೂ ಲಾರಿಗೂ ನಡುವೆ ಹಾಕ್ತಾರಲ್ಲ ಕಬ್ಬಿಣದ ಪ್ಲೇಟು, ನಮ್ ಬಾಗಿಲಿಂದು ಕೊಕ್ಕೆ ಕಳ್ಕೊಂಡಿದೆ. ಲಾರಿ ಒಂದು ಗೇಣು ಸರಿದ್ರೂ ಬೀಳತ್ತೆ. ಇವತ್ತೊಂದಿನ ನಿಜವಾದ ಕೀ ಹಾಕಪ್ಪ. ನಿನ್ ಹೆಂಡ್ತಿಗೆ ಇರೋನು ಒಬ್ನೇ ಅಣ್ಣ."

"ಒಬ್ನೇ ಆದ್ರೂ ಇಬ್ಬರ ಊಟ ಮಾಡ್ತೀಯ," ಎಂದು ಅಪರೂಪಕ್ಕೆ ತಮಾಷೆ ಮಾಡಿದ್ದ ಸೈಲೆನ್ಸರ್. "ಹಾಕ್ತೀನಿ ಬಿಡು ಭಾವ."

ಈಗ ಭಾವ ತಳ್ಳುಗಾಡಿಯ ತುಂಬ ಬಣ್ಣದ ಡಬ್ಬ ಹೇರಿಕೊಂಡು ಬಂದವನು, ಲಾರಿಯ ಪಕ್ಕದಲ್ಲಿದ್ದ ಅವನನ್ನು ನೋಡಿ ನಿಂತ. "ತುಟಿಗೇನಾಯ್ತೋ?"

"ಏನಿಲ್ಲ ಭಾವ."

"ಕೀ?"

ಸೈಲೆನ್ಸರ್ ಬೋರ್ಡಿನ ಕಡೆ ಕೈ ತೋರಿಸಿದ. ಆರನೇ ಮೊಳೆಯ ಮೇಲೆ ಕೀ ಇತ್ತು. ಅಷ್ಟು ದೂರಕ್ಕೆ ಎಲ್ಲ ಕೀಯೂ ಒಂದೇ. ಏಟು ತಿಂದೆ, ಸೋತೆ, ಬದಲಾಯಿಸಿದೆ ಎಂದು ಹೇಳಲು ನಾಚಿಕೆ ಅಡ್ಡ ಬಂತು. ಭಾವ ನಿಶ್ಚಿಂತೆಯಿಂದ ಗಾಡಿ ತಳ್ಳಿಕೊಂಡು ಲಾರಿಯೊಳಗೆ ಹೋದ.

ಸೈಲೆನ್ಸರ್ ಹತ್ತಿ ಕೂತ. ಇಂಜಿನ್ ಹಚ್ಚಿದ, ಗೇರು ಹಾಕಿ, ಕ್ಲಚ್ಚು ಒತ್ತಿ ಹಿಡಿದ. ಅಲ್ಲಿಂದ ಹಿಂದಿನದು ಏನೂ ಕಾಣುವುದಿಲ್ಲ. ಪಕ್ಕದ ಕನ್ನಡಿಯಲ್ಲಿ ಬಾಗಿಲ ಮೇಲಿನ ದೀಪ ಮಾತ್ರ ಕಾಣುತ್ತದೆ. ಕೆಂಪಿದ್ದರೆ ಕೂರಬೇಕು, ಹಸಿರಾದರೆ ಹೊರಡಬೇಕು. ಹಸಿರಾಗಿ ಎರಡು ಸೆಕೆಂಡಿನೊಳಗೆ ಅಲ್ಲಾಡದಿದ್ದರೆ ಗಡಿಯಾರ ತಾಯಿಯಿಂದ ಹಿಡಿದು ಬೈಯುತ್ತಾನೆ.

ಏಳು ವರ್ಷದಿಂದ ಇದೇ ಆಗಿತ್ತು. ಏಳು ವರ್ಷದಿಂದ ಪ್ರತಿ ಸಂಜೆ ಅವನ ಫೋನಿಗೆ ಏಜೆನ್ಸಿಯ ಮೆಸೇಜು ಬರುತ್ತಿತ್ತು: 'ನಾಳೆ ಬಾ.' ಒಂದೊಂದು ದಿನ ಬರುತ್ತಿರಲಿಲ್ಲ. ಬರದ ದಿನ ಹೆಂಡತಿ ಏನೂ ಕೇಳದೆ ಅರ್ಧ ಹಿಟ್ಟು ವಾಪಸು ಡಬ್ಬಿಗೆ ಸುರಿಯುತ್ತಿದ್ದಳು. ಆ ಸದ್ದು ಕೇಳಿ ಕೇಳಿ ಅವನಿಗೆ ಒಂದೇ ಒಂದು ಆಸೆ ಉಳಿದಿತ್ತು. ನೀಲಿ ಕೋಟು. ನಾಳೆ ಕೆಲಸ ಇದೆಯೋ ಇಲ್ಲವೋ ಎಂದು ಫೋನು ನೋಡದೆ ಒಂದು ರಾತ್ರಿ ನಿದ್ದೆ ಮಾಡಬೇಕು, ಅಷ್ಟೇ.

ದೀಪ ಹಸಿರಾಯಿತು. ಅವನು ಕ್ಲಚ್ಚು ಬಿಟ್ಟ.

ಮೊದಲು ಪ್ಲೇಟು ಜಾರಿದ ಸದ್ದು, ಆಮೇಲೆ ಡಬ್ಬಗಳದು. ಕೊನೆಗೆ ಕೇಳಿದ್ದು ಮನುಷ್ಯನ ಸದ್ದು.

ದೀಪದ ಸ್ವಿಚ್ಚು ಒತ್ತಬೇಕಾದವನು ಹಮಾಲ, ಲಾರಿಯಿಂದ ಹೊರಗೆ ಬಂದ ಮೇಲೆ. ಅವತ್ತು ಒತ್ತಿದವನು ಗಡಿಯಾರ. ಲಾರಿ ತುಂಬಿ, ಮಿಕ್ಕ ಡಬ್ಬಗಳ ಗಾಡಿ ವಾಪಸು ಬರುತ್ತ ಇನ್ನೂ ಪ್ಲೇಟಿನ ಮೇಲಿದ್ದಾಗ, "ಆಯ್ತು ಆಯ್ತು, ದಾಟ್ದ" ಎಂದು ಹೇಳಿ ಒತ್ತಿ, ಮುಂದಿನ ಬಾಗಿಲಿಗೆ ಹೋಗಿದ್ದ. ಪಕ್ಕದ ಬಾಗಿಲ ಹಮಾಲರೆಲ್ಲ ಕಣ್ಣಾರೆ ಕಂಡಿದ್ದರು.

ಸೈಲೆನ್ಸರ್ ಇಳಿದು ಓಡಿದ. ಬಾಗಿಲ ಕೆಳಗೆ ಆಳುದ್ದದ ತಗ್ಗು. ಅದರಲ್ಲಿ ಭಾವ ಅಂಗಾತ ಬಿದ್ದಿದ್ದ, ಎದೆಯ ಮೇಲೆ ತಳ್ಳುಗಾಡಿ, ಗಾಡಿಯ ಮೇಲೆ ಪ್ಲೇಟು. ಡಬ್ಬಗಳು ಒಡೆದು ಮೈಯೆಲ್ಲ ಬಿಳಿ ಬಣ್ಣ. ಬಾಯಿಂದ ಬರುತ್ತಿದ್ದ ರಕ್ತ ಬಣ್ಣಕ್ಕೆ ಬೆರೆತು ಗುಲಾಬಿಯಾಗಿ ಹರಿಯುತ್ತಿತ್ತು. ಸೈಲೆನ್ಸರ್ ತಗ್ಗಿಗೆ ಹಾರಿ ಗಾಡಿಗೆ ಹೆಗಲು ಕೊಟ್ಟ. ಅದು ಜಗ್ಗಲಿಲ್ಲ.

"ಕೀ..." ಎಂದ ಭಾವ. "ಬೋರ್ಡ್ ಮೇಲೆ... ಇತ್ತಲ್ಲೋ?"

"ಮನೇದು ಭಾವ. ಹೊಡೆದ ನನಗೆ. ಮನೇದು ಹಾಕ್ಬಿಟ್ಟೆ."

ಭಾವನ ಕಣ್ಣು ಅವನ ತುಟಿಯ ಮೇಲೆ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲು ಉಸಿರಿರಲಿಲ್ಲ.

ಮೇಲಿನಿಂದ ಗಡಿಯಾರ ಬಗ್ಗಿ ನೋಡಿದ. ಮುಖ ಬೆಳ್ಳಗಾಗಿತ್ತು, ಆದರೂ ಮಣಿಕಟ್ಟು ನೋಡಿಕೊಂಡ. "ಶಟರ್ ಎಳೀರೋ! ಆರು ಮುಚ್ಚಿ! ಉಳಿದ ಬಾಗಿಲು ನಿಲ್ಲಬಾರದು! ನೋಡ್ಕೊಂಡ್ ನಿಂತಿದ್ದೀರೇನ್ರೋ, ಸಿನಿಮಾನಾ ಇದು?"

ಶಟರು ಬಿತ್ತು. ಗೋದಾಮಿನ ಒಳಗೆ ಹನ್ನೊಂದು ಬಾಗಿಲಿನ ಕೆಲಸ ಮೊದಲಿನಂತೆ ಶುರುವಾಯಿತು. ಸೈಲೆನ್ಸರ್ ತಗ್ಗಿನಿಂದ ಹತ್ತಿ, ಶಟರು ಎತ್ತಲು ಕೈ ಹಾಕಿದ. ಗಾಡಿ ಎತ್ತಲು ನಾಲ್ಕು ಜನ ಬೇಕಿತ್ತು, ನಾಲ್ಕು ಜನ ಶಟರಿನ ಆ ಕಡೆ ಇದ್ದರು. ಮೂವರು ಗಾರ್ಡುಗಳು ಓಡಿಬಂದರು. ಒಬ್ಬ ಲಾಠಿಯಿಂದ ಬೆರಳಿಗೆ ಹೊಡೆದ, ಇನ್ನೊಬ್ಬ ಬೆನ್ನಿಗೆ. ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ ಮೂರನೆಯವನು, "ಕೊಲೆ ಮಾಡ್ಬಿಟ್ಟು ರೋಪ್ ಹಾಕ್ತಾನೆ ಸೂಳೆಮಗ," ಎಂದ.

ಆಂಬುಲೆನ್ಸು ಬಂತು. ಗೇಟಿನಲ್ಲಿ ಅದರ ನಂಬರು, ಡ್ರೈವರ ಹೆಸರು, ಬಂದ ಕಾರಣ ಬರೆಸಿಕೊಂಡು ಒಳಗೆ ಬಿಟ್ಟರು. ಅಷ್ಟರಲ್ಲಿ ಭಾವನ ಮುಖದ ಮೇಲಿನ ಬಣ್ಣ ಒಣಗಲು ಶುರುವಾಗಿತ್ತು. ನಾಡಿ ಹಿಡಿದು ನೋಡಿದವನು ತಲೆ ಅಲ್ಲಾಡಿಸಿ, ಇನ್ನು ಪೊಲೀಸರು ಬರುವ ತನಕ ಹೆಣ ಇಲ್ಲಿಂದ ಒಯ್ಯುವ ಹಾಗಿಲ್ಲ ಎಂದು ಹೇಳಿ ಹೊರಟುಹೋದ.

ಮ್ಯಾನೇಜರ್ ಮೇಡಂ ರೂಮು ತಣ್ಣಗಿತ್ತು. ಏಳು ವರ್ಷದಲ್ಲಿ ಸೈಲೆನ್ಸರ್ ಆ ರೂಮಿನ ಬಾಗಿಲ ಹೊರಗಡೆಯನ್ನಷ್ಟೇ ಕಂಡಿದ್ದ. ಮೇಡಂ ಎಂದೂ ದನಿ ಎತ್ತುವವರಲ್ಲ. ತಾವೇ ಎದ್ದು ಗ್ಲಾಸಿಗೆ ನೀರು ಬಗ್ಗಿಸಿ ಮುಂದಿಟ್ಟರು. ಪಕ್ಕದಲ್ಲಿ ಏಜೆನ್ಸಿಯವನು ಕೂತಿದ್ದ, ದಿನಾ ಸಂಜೆ ಮೆಸೇಜು ಕಳಿಸುವ ಮಹಾನುಭಾವ. ಗಡಿಯಾರ ಬಾಗಿಲಿಗೆ ಒರಗಿ ನಿಂತಿದ್ದ.

"ನೋಡಿ, ಆಗಬಾರದ್ದು ಆಗಿಹೋಯ್ತು," ಎಂದರು ಮೇಡಂ. "ನಿಮ್ಮ ಮೇಲೆ ಕೇಸಾದ್ರೆ ನಮಗೂ ಬೇಜಾರು. ಕೀ ಬೋರ್ಡಲ್ಲಿ ಇತ್ತು, ಲಾರಿ ಹೊರಡ್ತು ಅಂದ್ರೆ ನೀವು ಕಳ್ಳ ಕೀ ಇಟ್ಕೊಂಡಿದ್ರಿ ಅಂತ ಆಗತ್ತೆ. ಜೈಲು. ನಾವು ಹಾಗೆ ಬರೆಯೋಕೆ ಇಷ್ಟಪಡಲ್ಲ."

"ಅವರೇ ಹೇಳಿದ್ದು ಮೇಡಂ, ಮನೆ ಕೀ..."

"ಏ!" ಗಡಿಯಾರ ಹಿಂದಿನಿಂದ ಅವನ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಕುಕ್ಕಿದ. ಗ್ಲಾಸು ಉರುಳಿತು. ಮೇಡಂ ಕಿಟಕಿಯ ಕಡೆ ನೋಡುತ್ತ, ಬಟ್ಟೆಯಿಂದ ಮೇಜು ಒರೆಸಿದರು.

ಏಜೆನ್ಸಿಯವನು ಒಂದು ಕಾಗದವನ್ನೂ ಒಂದು ಪೊಟ್ಟಣವನ್ನೂ ಮುಂದಕ್ಕೆ ಸರಿಸಿದ. "ಅವನು ಕುಡಿದಿದ್ದ. ದೀಪ ಹಸಿರಾದ ಮೇಲೆ ಹಾರಿ ಬಂದ. ಇಷ್ಟೇ ಬರ್ದಿರೋದು. ಪೊಲೀಸರಿಗಿಂತ ಮೊದ್ಲು, ಎರಡು ಗಂಟೆಗೆ, ವಿಚಾರಣೆಗೆ ಸರ್ಕಾರದ ಸಾಹೇಬ್ರು ಬರ್ತಾರೆ, ಅವರ ಮುಂದೆ ಇಷ್ಟು ಹೇಳು. ಪೊಟ್ಟಣ ಬಿಚ್ಚಿ ನೋಡೋ."

ಪೊಟ್ಟಣದಲ್ಲಿ ನೀಲಿ ಕೋಟಿತ್ತು. ಹೊಸದು, ಮಡಿಕೆ ಬಿಚ್ಚಿರಲಿಲ್ಲ.

"ಕಾಯಂ," ಎಂದ ಏಜೆನ್ಸಿಯವನು. "ಮೆಸೇಜ್ ಕಾಯೋ ಕರ್ಮ ಮುಗೀತು ಕಣೋ."

ಇಷ್ಟು ವರ್ಷ ಕನಸಿನಲ್ಲಿ ಕಂಡಿದ್ದು ಮುಟ್ಟಿದರೆ ಕೈಗೆ ಸಿಗುತ್ತಿತ್ತು. ಸೈಲೆನ್ಸರ್‌ಗೆ ಅದು ಬೇಕೆನಿಸಿತು. ಆ ಕ್ಷಣದಲ್ಲೂ ಬೇಕೆನಿಸಿತಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಬಾತುಕೊಂಡ ಬೆರಳಿನಿಂದ ಕೋಟು ಎತ್ತಿಕೊಂಡ. ಕಾಗದ ಮುಟ್ಟಲಿಲ್ಲ. ಅವರು ಕೋಟು ಎತ್ತಿಕೊಂಡದ್ದನ್ನಷ್ಟೇ ನೋಡಿದರು.

"ಬುದ್ಧಿವಂತ," ಎಂದು ಗಡಿಯಾರ ಬೆನ್ನು ತಟ್ಟಿ, ಆರನೇ ಮೊಳೆಯ ಮನೆ ಕೀಯನ್ನು ಅವನ ಜೇಬಿಗೆ ತುರುಕಿದ. ಹೊರಗೆ ಹಳದಿ ಕೋಟಿನವರೆಲ್ಲ ಸಾಲಾಗಿ ನಿಂತು ತಂತಮ್ಮ ಮನೆ ಕೀ ವಾಪಸು ಪಡೆದು, ಲಾರಿಯವನ್ನು ಮೊಳೆಗೆ ಹಾಕುತ್ತಿದ್ದರು. ಒಬ್ಬರೂ ಒಬ್ಬರ ಮುಖ ನೋಡುತ್ತಿರಲಿಲ್ಲ.

ಹೆಣವನ್ನು ಮೇಲೆತ್ತಿ, ತಗ್ಗಿನ ಪಕ್ಕದಲ್ಲೇ ಟಾರ್ಪಾಲು ಹೊದಿಸಿ ಮಲಗಿಸಿದ್ದರು. ಸೈಲೆನ್ಸರ್ ಹತ್ತಿರ ಹೋದ. ಬಣ್ಣದ ವಾಸನೆಯ ಮೇಲೆ ಇನ್ನೊಂದು ವಾಸನೆ ಘಾಟು ಹೊಡೆಯುತ್ತಿತ್ತು. ಟಾರ್ಪಾಲು ಸರಿಸಿದ. ಭಾವನ ಅಂಗಿಯ ಕೊರಳು ಹಸಿಯಾಗಿತ್ತು. ಬಾಯಿಗೂ ಸುರಿದಿದ್ದರು, ಗಡ್ಡದ ಮೇಲಿನ ಬಣ್ಣ ಅಷ್ಟಗಲ ತೊಳೆದುಹೋಗಿತ್ತು. ಪಕ್ಕದಲ್ಲಿ ಯಾರೋ ಮರೆತ ಬಾಟಲಿಯ ಮುಚ್ಚಳ. ಸಾರಾಯಿ ಕುಡಿದವನು ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಎದ್ದು ನಿಂತೇ ಬರುತ್ತಿದ್ದ ಮನುಷ್ಯ ಅವನು.

"ಯಾರು ಸುರಿದಿದ್ದು?" ಎಂದು ಕೇಳಿದ. ಅಲ್ಲೇ ನಿಂತಿದ್ದ ಹಮಾಲರಲ್ಲಿ ಒಬ್ಬ ಗಾಜಿನ ರೂಮಿನ ಕಡೆ ಗದ್ದ ತೋರಿಸಿದ.

ಆಗ ಅವನ ಹೆಂಡತಿ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ಹಾಗೇ ಎದ್ದು ಓಡಿಬಂದಿದ್ದಳು, ಕೈ ಇನ್ನೂ ಒದ್ದೆಯಿತ್ತು. ಅಣ್ಣನ ಮುಖ ಒರೆಸಲು ಹೋದಳು. ಬಣ್ಣ ಬಿಡಲಿಲ್ಲ. ಗಾರ್ಡು ಹೆಣದ ಜೇಬಿನಲ್ಲಿ ಸಿಕ್ಕಿದ್ದನ್ನು ಅವಳ ಮಡಿಲಿಗೆ ಹಾಕಿದ: ಒಂದು ಬಾಚಣಿಗೆ, ಒಂದು ಕೀ.

"ಯಾರು ಓಡಿಸ್ತಿದ್ದೋನು?" ಎಂದಳು.

"ನಾನೇ ಕಣೇ."

ಅವಳು ಎದ್ದಳು. ಚಪ್ಪಲಿ ತೆಗೆದು ಅವನ ಮುಖಕ್ಕೆ ಹೊಡೆದಳು, ಎಣಿಸದೆ ಹೊಡೆದಳು. ಅವನು ಕೈ ಅಡ್ಡ ತರಲಿಲ್ಲ. ಹೊಡೆದು ಸುಸ್ತಾಗಿ ಅವನ ಎದೆಗೇ ತಲೆ ಆನಿಸಿದಳು. ಆಗ ಅವನ ಕಂಕುಳಲ್ಲಿದ್ದ ಕೋಟು ಕಣ್ಣಿಗೆ ಬಿತ್ತು.

"ಇದೇನಿದು?"

"ನಿಮ್ಮಣ್ಣ ಕುಡಿದಿದ್ದ ಅಂತ ಹೇಳೋಕೆ ಕೊಟ್ಟಿದ್ದು."

"ಹೇಳ್ತೀಯಾ?"

ಅವನು ಕೋಟಿನ ಮಡಿಕೆ ಬಿಚ್ಚಿದ. ಟಾರ್ಪಾಲು ಕಿತ್ತು ಬಿಸಾಕಿ, ಅದನ್ನು ಭಾವನ ಎದೆಯಿಂದ ಮುಖದವರೆಗೆ ಹೊದಿಸಿ, ಅಂಚನ್ನು ಹೆಗಲ ಕೆಳಗೆ ಸಿಕ್ಕಿಸಿದ. ಆಮೇಲೆ ಮೊದಲ ಸಲ ಎಲ್ಲ ಹೇಳಿದ: ಕೊಕ್ಕೆ, ಕೀ, ತುಟಿ, ದೀಪ, ಬಾಟಲಿ. ಹಮಾಲರೂ ಹತ್ತಿರ ಬಂದು ಕೇಳಿಸಿಕೊಂಡರು. ಅವಳು ಅಣ್ಣನ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಎರಡು ಗಂಟೆಗೆ ಸರ್ಕಾರದ ಸಾಹೇಬರು ಬಂದರು. ಮೇಡಂ ಜೊತೆ ಟೀ ಆಯಿತು. ಬೋರ್ಡು ನೋಡಿ, ಮೊಳೆ ಎಣಿಸಿ, "ತುಂಬಾ ಅಚ್ಚುಕಟ್ಟು," ಎಂದರು. ಕಾಟಾಚಾರಕ್ಕೆ, ನಡೆದದ್ದು ಹೇಗೆಂದು ತೋರಿಸಿ ಎಂದರು.

ಗಡಿಯಾರ ಹುರುಪಿನಿಂದ ಆರನೇ ಶಟರು ಎತ್ತಿಸಿ, ಪ್ಲೇಟು ತರಿಸಿದ. ಸೈಲೆನ್ಸರ್‌ಗೆ ಲಾರಿ ಹಿಂದಕ್ಕೆ ತರಲು ಹೇಳಿದ. ಅವನು ತಂದು ನಿಲ್ಲಿಸಿ, ಇಂಜಿನ್ ಆರಿಸಿ ಇಳಿದ. ಗಡಿಯಾರ ಪ್ಲೇಟಿನ ನಡುವೆ ಹೋಗಿ ನಿಂತ. ಒಂದು ಕಾಲು ಲಾರಿ ಕಡೆ, ಒಂದು ಕಾಲು ಬಾಗಿಲ ಕಡೆ.

"ಇಲ್ಲಿಗೆ ಹಾರಿದ ಸಾರ್, ಕುಡುಕ. ತೂರಾಡ್ತಿದ್ದ."

"ಕೀ?" ಎಂದರು ಸಾಹೇಬರು.

"ಕೀ ಮೊಳೆ ಮೇಲಿದ್ರೆ ಲಾರಿ ಅಲ್ಲಾಡೋ ಮಾತೇ ಇಲ್ಲ ಸಾರ್. ಇವನ ಹತ್ರ ಇನ್ನೊಂದು ಇತ್ತೋ ಏನೋ, ಅದು ಅವನನ್ನೇ ಕೇಳ್ಬೇಕು. ಲೋ, ಕೀ ಹಾಕೋ ಮೊಳೆಗೆ."

ಸೈಲೆನ್ಸರ್ ಅಲ್ಲಾಡಲಿಲ್ಲ. ಅವನ ಹೆಂಡತಿ ಜನರ ನಡುವಿನಿಂದ ಬಂದು, ಅಣ್ಣನ ಜೇಬಿನಲ್ಲಿದ್ದ ಕೀಯನ್ನು ಆರನೇ ಮೊಳೆಗೆ ಹಾಕಿದಳು. ಅಲ್ಲಿಂದ ನೇರ ಬಾಗಿಲ ಪಕ್ಕಕ್ಕೆ ಹೋಗಿ, ದೀಪದ ಸ್ವಿಚ್ಚಿನ ಹತ್ತಿರ ನಿಂತಳು. ಅದೇ ಹೊತ್ತಿಗೆ ನಾಲ್ವರು ಹಮಾಲರು ಬಣ್ಣದ ಡಬ್ಬ ತುಂಬಿದ ತಳ್ಳುಗಾಡಿಯೊಂದನ್ನು ದಬ್ಬಿ ತಂದು ಪ್ಲೇಟಿನ ಅಂಚಿಗೆ ನಿಲ್ಲಿಸಿದರು. ಗಡಿಯಾರ ಈಚೆ ಬರಲು ದಾರಿ ಇರಲಿಲ್ಲ. ಲಾರಿಯೊಳಗೆ ಬೆಳಗಿನ ಲೋಡು ಹಾಗೇ ಇತ್ತು, ಹಿಂದೆ ಸರಿಯಲೂ ಜಾಗವಿರಲಿಲ್ಲ.

"ಏನ್ರೋ ಇದು? ತೆಗೀರೋ ಗಾಡಿ, ಲೌಡಿ ಮಕ್ಳಾ!"

ಸೈಲೆನ್ಸರ್ ಲಾರಿ ಹತ್ತಿ, ಇಂಜಿನ್ ಹಚ್ಚಿದ.

ಪ್ಲೇಟು ಗಡಗಡ ನಡುಗಿತು. ಗಡಿಯಾರನ ಕೈ ಗಾಡಿಯ ಸರಳನ್ನು ಹುಡುಕಿತು. ಹಮಾಲನೊಬ್ಬ ಆ ಬೆರಳನ್ನು ನಿಧಾನವಾಗಿ ಬಿಡಿಸಿದ.

"ಆಫ್ ಮಾಡೋ! ಲೋ! ಸಾರ್, ಆಫ್ ಮಾಡ್ಸಿ ಸಾರ್!"

"ಕೀ ಮೊಳೆ ಮೇಲಿದೆಯಲ್ಲಪ್ಪ," ಎಂದಳು ಅವಳು. "ಅಲ್ಲಾಡೋ ಮಾತೇ ಇಲ್ಲ ಅಂದ್ಯಲ್ಲ."

"ಅದು ಮನೆ ಕೀ ಕಣಮ್ಮಾ! ಬೆಳಿಗ್ಗೆ ಎಲ್ರುದೂ ಮನೆ ಕೀನೇ ಇತ್ತು!"

"ಹಾಕು ಅಂತ ಹೇಳಿದ್ಯಾರು?"

ಲಾರಿ ಬೆರಳಗಲ ಮುಂದೆ ಸರಿಯಿತು. ಪ್ಲೇಟಿನ ಅಂಚು ಕಿರ್ರೆಂದು ಕೆರೆಯಿತು. ಗಡಿಯಾರ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಪ್ಯಾಂಟು ಒದ್ದೆಯಾಯಿತು.

"ನಾನೇ! ನಾನೇ ಹೇಳಿದ್ದು! ಮೇಡಂಗೂ ಗೊತ್ತು!"

"ದೀಪ ಹಾಕಿದ್ದು?"

"ನಾನೇ ತಾಯಿ!"

"ನಮ್ಮಣ್ಣ ಕುಡಿದಿದ್ನಾ?"

"ಇಲ್ಲ... ಸುರಿದಿದ್ದು... ನಾನೇ ಸುರಿದಿದ್ದು... ಇಳಿಸ್ರೋ, ಕಾಲಿಗೆ ಬೀಳ್ತೀನಿ..."

ಮೇಡಂ ಫೋನಿನಲ್ಲಿ ಗಾರ್ಡುಗಳನ್ನು ಕೂಗುತ್ತಿದ್ದರು. ಗಾರ್ಡುಗಳು ಬಂದರು; ಹಳದಿ ಕೋಟಿನವರು ಅವರಿಗೆ ಅಡ್ಡ ನಿಂತರು. ಬೋರ್ಡಿನ ಮೇಲಿನ ಕೀಗಳನ್ನು ಯಾರೋ ಒಂದೊಂದಾಗಿ ನೆಲಕ್ಕೆ ಕಿತ್ತೆಸೆಯುತ್ತಿದ್ದರು. ಸಾಹೇಬರು ಕೈಯಲ್ಲಿದ್ದ ಟೀ ಲೋಟ ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ, "ಸಾಕು, ಸಾಕು ನಿಲ್ಸಿ, ಎಲ್ಲ ಬರ್ಕೊಂಡಿದ್ದೀನಿ," ಎಂದರು. ಅವರ ಕೈಯಲ್ಲಿ ಪೆನ್ನಿರಲಿಲ್ಲ.

ಸೈಲೆನ್ಸರ್‌ಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತಿದ್ದ. ತುಟಿ ಮತ್ತೆ ಒಸರುತ್ತಿತ್ತು. ಎಂದಿನಂತೆ ಕನ್ನಡಿಯಲ್ಲಿ ದೀಪವೊಂದೇ ಕಾಣುತ್ತಿತ್ತು, ಕೆಂಪಗೆ. ಆ ದೀಪದ ಸ್ವಿಚ್ಚು ಇವತ್ತು ಹೆಂಡತಿಯ ಕೈಯಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಅವನು ಕಾದ.

ದೀಪ ಹಸಿರಾಯಿತು.